ಎಳ್ಳಿಲ್ಲದ ಗಾಣ

"ಗುರುಗಳೇ, ಇನ್ನೆಷ್ಟು ಸುತ್ತು ಜಪ ಮಾಡಿದರೆ ನನ್ನ ಮಗು ಉಳಿದೀತು?" ಎಂದು ಮರಿಸಿದ್ಧ ಕೇಳಿದ.

ಅವನ ಪುಟ್ಟ ಕೂಸು ಅಟ್ಟದ ಮೆಟ್ಟಿಲಿನಿಂದ ಬಿದ್ದು ಎಚ್ಚರವಿಲ್ಲದೆ ಮಲಗಿತ್ತು. ಹೆಂಡತಿಯನ್ನು ಅದರ ಬಳಿ ಬಿಟ್ಟು ಅವನು ಮಠಕ್ಕೆ ಬಂದು ಮಣಿ ಎಣಿಸುತ್ತ ಕೂತಿದ್ದ. ಅಂದು ಬೆಳಗ್ಗೆ ಅವನ ಊರಿನವನೊಬ್ಬ ಸುದ್ದಿ ತಂದಿದ್ದ. ಕೂಸಿನ ತಂದೆಗಲ್ಲದೆ ಬೇರೆಯವರಿಗೆ ಹೇಳುವುದಿಲ್ಲ ಎಂದು ಬಾಗಿಲಲ್ಲೇ ಕೂತಿದ್ದ. ಈ ಸುತ್ತು ಮುಗಿಯಲಿ, ಬರುತ್ತೇನೆ ಎಂದು ಮರಿಸಿದ್ಧ ಹೇಳಿ ಕಳಿಸಿದ್ದ. ಆ ಸುತ್ತು ಮುಗಿದು ಬಹಳ ಹೊತ್ತಾಗಿತ್ತು.

ಗುರು ಹೇಳಿದ:

ಒಬ್ಬ ಗಾಣಿಗನಿದ್ದ. ಅವನ ಗಾಣದಂಥ ಗಾಣ ಈಗ ಎಲ್ಲೂ ಇಲ್ಲ. ಅದರ ಒರಳನ್ನು ಕೂರಿಸಲು ಹನ್ನೆರಡು ಜೊತೆ ಎತ್ತು ಕಟ್ಟಿ ಎಳೆದು ಸೋತರು. ಕಡೆಗೆ ನಾನೊಂದು ಕೈ ಹಾಕಬೇಕಾಯಿತು. ಅದು ತಿರುಗಿದರೆ ಹೊಳೆಯಾಚೆಗೂ ಕಿರುಗುಟ್ಟುತ್ತಿತ್ತು. ಆ ದಡದ ಎಮ್ಮೆಗಳು ಅದರ ಲಯ ಹಿಡಿದೇ ಮೆಲುಕು ಹಾಕುತ್ತಿದ್ದವು. ನಗಬೇಡ, ಕಣ್ಣಾರೆ ಕಂಡವನು ನಾನು.

ಮರಿಸಿದ್ಧ ನಗಲಿಲ್ಲ. ಮಣಿಗಳು ಟಕ್ ಟಕ್ ಎಂದು ಸರಿಯುತ್ತಿದ್ದವು. ಗುರು ಮುಂದುವರಿಸಿದ:

ಗಾಣಿಗನಿಗೆ ಒಂದು ಕೂಸು ಹುಟ್ಟಿತು. ಹುಟ್ಟಿದ್ದೇ ಆ ಸದ್ದಿನಲ್ಲಿ. ಗಾಣ ತಿರುಗುತ್ತಿದ್ದರೆ ಅದಕ್ಕೆ ನಿದ್ದೆ, ನಿಂತರೆ ಎಚ್ಚರ. ತಾಯಿ ಜೋಗುಳ ಹಾಡಿದವಳೇ ಅಲ್ಲ. "ನಿನ್ನ ಮಗನಿಗೆ ನಾನು ಬೇಡ, ಆ ಮರದ ಮುದುಕಿಯೇ ಸಾಕು" ಎಂದು ಗಂಡನನ್ನು ಹಂಗಿಸುತ್ತಿದ್ದಳು.

ಅಂಬೆಗಾಲಿಡುವ ವಯಸ್ಸು ಬಂತು. ಒಂದು ದಿನ ಅದು ಹೊಸ್ತಿಲು ದಾಟಿ ಎತ್ತು ಸುತ್ತುವ ದಾರಿಗೆ ಬಂತು. ಗಾಣಿಗ ಬಾಗಿಲಿಗೆ ಬೆನ್ನು ಮಾಡಿ, ಎತ್ತು ಎಳೆಯುವ ತೊಲೆಯ ಮೇಲೆ ಕೂತಿದ್ದ. ಎತ್ತು ಕೂಸನ್ನು ಬಳಸಿ ನಡೆಯಿತು. ತೊಲೆಗೆ ಬಳಸಲು ಬರುವುದಿಲ್ಲ. ಅದರ ತುದಿ ತಲೆಗೆ ಬಡಿಯಿತು.

ವೈದ್ಯ ಬಂದು ಪಟ್ಟಿ ಕಟ್ಟಿದ. "ಉಸಿರಿದೆ. ಎತ್ತಬೇಡಿ, ಅಲುಗಿಸಬೇಡಿ. ಕಣ್ಣು ಬಿಟ್ಟರೆ ಉಳಿಯಿತು. ಯಾವಾಗ ಅಂತ ನನ್ನನ್ನು ಕೇಳಬೇಡಿ" ಎಂದು ಹೇಳಿ ಹೋದ.

ಗಾಣಿಗ ಹೊರಗೆ ಬಂದು ಎತ್ತನ್ನು ಬಿಚ್ಚಿ ಓಡಿಸಿದ. ಆಮೇಲೆ ಅವನಿಗೆ ಹೊಳೆಯಿತು. ಗಾಣ ನಿಂತಿದೆ. ಗಾಣ ನಿಂತರೆ ಕೂಸು ಏಳಬೇಕು. ಒಳಗಿನಿಂದ ಸದ್ದಿಲ್ಲ. ಅವನಿಗೆ ಅದನ್ನು ತಾಳಲಾಗಲಿಲ್ಲ. ತೊಲೆಗೆ ತಾನೇ ಹೆಗಲು ಕೊಟ್ಟು ನೂಕಿದ. ಗಾಣ ಕಿರುಗುಟ್ಟಿತು. ಗಾಣ ತಿರುಗುತ್ತಿದ್ದರೆ ಕೂಸು ಮಲಗಿರುವುದು ಸಹಜವಲ್ಲವೇ?

ಅಂದಿನಿಂದ ಅವನು ನೂಕುತ್ತಲೇ ಇದ್ದ. ಕಾಲು ಸೋತು ಕುಸಿದಾಗ ಮಾತ್ರ ನಿಲ್ಲುತ್ತಿದ್ದ. ಆಗಲೂ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಒಳಗೆ ಹೋಗಲೇ ಇಲ್ಲ. ಹೆಂಡತಿ ಹೊಸ್ತಿಲಲ್ಲಿ ಗಂಜಿ ಇಟ್ಟು "ಮಲಗಿದೆ" ಎನ್ನುತ್ತಿದ್ದಳು. "ಮಲಗಲಿ" ಎನ್ನುತ್ತಿದ್ದ. ಅವರಿಬ್ಬರ ನಡುವೆ ಉಳಿದಿದ್ದ ಮಾತು ಅಷ್ಟೇ.

ದಾರಿಹೋಕನೊಬ್ಬ ನಿಂತು ನೋಡಿದ. "ಏನಪ್ಪಾ, ಎಳ್ಳೂ ಇಲ್ಲ, ಎತ್ತೂ ಇಲ್ಲ. ಗಾಳಿ ಹಿಂಡಿ ಎಣ್ಣೆ ತೆಗೀತೀಯೇನು?"

"ಹೌದು. ಪಾತ್ರೆ ತಂದಿದ್ದೀಯಾ?" ಎಂದ ಗಾಣಿಗ. ನಿಲ್ಲಲಿಲ್ಲ.

ಎಳ್ಳಿಲ್ಲದೆ ಮರಕ್ಕೆ ಮರ ಉಜ್ಜಿ ಒರಳಿನಿಂದ ಹೊಗೆ ಏಳುತ್ತಿತ್ತು. ಹೆಗಲ ಚರ್ಮ ಕಿತ್ತು ತೊಲೆಗೆ ಅಂಟಿತ್ತು. ಅಂಥ ಗಾಣವನ್ನು ಒಂಟಿ ಹೆಗಲಲ್ಲಿ ತಿರುಗಿಸಿದವರು ಈ ಸೀಮೆಯಲ್ಲಿ ಇಬ್ಬರೇ. ಇನ್ನೊಬ್ಬ ಯಾರು ಎಂದು ನಾನು ಹೇಳುವುದಿಲ್ಲ.

ಒಂದು ಮಧ್ಯಾಹ್ನ ಒಳಗಿನಿಂದ ಹೆಂಡತಿ ಕೂಗಿದಳು. ಗಾಣದ ಸದ್ದಿನಲ್ಲಿ ಮಾತು ತಿಳಿಯಲಿಲ್ಲ, ಕೂಗು ಮಾತ್ರ ತಿಳಿಯಿತು. ಗಾಣಿಗ ತಲೆ ತಗ್ಗಿಸಿ ಇನ್ನೂ ಜೋರಾಗಿ ನೂಕಿದ. ಅವಳು ಮತ್ತೆ ಕೂಗಿದಳು. ಅವನು ಮತ್ತೂ ಜೋರಾಗಿ ನೂಕಿದ. ಆಮೇಲೆ ಅವಳು ಕೂಗುವುದನ್ನು ಬಿಟ್ಟಳು.

ಬಿಸಿಲು ಇಳಿದ ಮೇಲೆ ಅವಳು ಹೊರಗೆ ಬಂದಳು. ಕೂಸು ಬಿದ್ದಿದ್ದ ಜಾಗದಲ್ಲೇ ತೊಲೆಗೆ ಎದುರಾಗಿ ನಿಂತಳು. ಅವನು ನಿಲ್ಲಿಸಲೇಬೇಕಾಯಿತು.

"ಕಣ್ಣು ಬಿಟ್ಟಿತ್ತು" ಎಂದಳು. "ಎರಡು ಗುಟುಕು ಹಾಲು ಕುಡಿಯಿತು. ಬಾಗಿಲ ಕಡೆಗೇ ನೋಡುತ್ತಿತ್ತು. ನೀನು ಬರುತ್ತೀ ಅಂತ ನಾನೂ ನೋಡಿದೆ. ನೋಡಿ ನೋಡಿ ಅದಕ್ಕೆ ಈಗ ನಿದ್ದೆ ಬಂತು."

ಗಾಣಿಗ ತೊಲೆಯನ್ನು ಹಿಡಿದುಕೊಂಡೇ ಇದ್ದ.

"ಅಷ್ಟು ಕೂಗಿದೆನಲ್ಲ, ನಿನಗೆ ಕೇಳಿಸಲಿಲ್ಲವಾ?"

"ಕೇಳಿಸಿತು."

"ಕೇಳಿಸಿಯೂ ನೂಕುತ್ತಿದ್ದೆಯಾ?"

ಅವನು ತೊಲೆಯಿಂದ ಕೈ ತೆಗೆದ. ಅವಳು ಮತ್ತೆ ಕೇಳಲಿಲ್ಲ, ಅಂದೂ, ಮುಂದೆ ಎಂದೂ. ಆದರೆ ಆ ಮಧ್ಯಾಹ್ನ ಅವಳು ಒಬ್ಬಳೇ ಕೂತಿದ್ದಳು ಎಂಬುದು ಅವರ ಮನೆಯಲ್ಲಿ ಉಳಿದುಬಿಟ್ಟಿತು.

ಗುರು ಇಲ್ಲಿಗೆ ನಿಲ್ಲಿಸಿದ.

"ಆ ಕೂಸು?" ಎಂದ ಮರಿಸಿದ್ಧ.

"ಬದುಕಿತು. ಒಂದು ಕಿವಿ ಮಾತ್ರ ಕೇಳುವುದಿಲ್ಲ."

"ನನ್ನ ಕೂಸೂ ಹಾಗೆಯೇ ಕಣ್ಣು ಬಿಟ್ಟಿರಬಹುದೇ, ಗುರುಗಳೇ?"

"ನನಗೇನು ಗೊತ್ತು? ಹೊಳೆ ತಿರುಗಿಸಿದ್ದೇನೆ, ಹುಲಿಯ ಹಲ್ಲು ಎಣಿಸಿದ್ದೇನೆ. ಅದನ್ನು ಬಲ್ಲವನಲ್ಲ."

ಮರಿಸಿದ್ಧನ ಬೆರಳು ಮುಂದಿನ ಮಣಿಗೆ ಹೋಯಿತು. ಗುರು ಕೈ ಚಾಚಿ ಜಪಮಾಲೆಯನ್ನು ಹಿಡಿದುಕೊಂಡ. ಬಾಗಿಲಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

"ಬೆಳಗಿನಿಂದ ಅಲ್ಲಿ ಕೂತಿರುವವನಿಗೆ ಇನ್ನೆಷ್ಟು ಸುತ್ತು ಕಾಯಲು ಹೇಳೋಣ, ಮರಿಸಿದ್ಧ?"