ನೋಡುವ ಮೊದಲು ನಿದ್ದೆ

ಗದಗಿನಲ್ಲಿ ಖಾನಾವಳಿ ನಡೆಸುವ ನೀಲವ್ವನಿಗೆ ಚನ್ನಮಲ್ಲ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವ, ಅದೇ ಅವಳ ತಲೆನೋವು. ಅವನಿಗೆ ದೂರದ್ದು ಕಾಣದು. ಕನ್ನಡಕಕ್ಕೆ ಹಬೆ ಕೂರುತ್ತದೆಂದು ಲೆನ್ಸ್ ಹಾಕುತ್ತಿದ್ದ. ಒಲೆಯ ಝಳಕ್ಕೆ ಕಣ್ಣು ಒಣಗಿ ಒಂದೇ ಸಮ ರೆಪ್ಪೆ ಬಡಿಯುತ್ತಿದ್ದ. ಹೆಣ್ಣು ನೋಡಲು ಹೋದಲ್ಲಿ ಹುಡುಗಿಯ ಸೋದರತ್ತೆ, ಇವ ನನಗೇ ಕಣ್ಣು ಹೊಡೆದನೆಂದು ಎದ್ದು ಹೋದಳು. ಇನ್ನೊಂದು ಸಂಬಂಧ ಹೀಗೆ ತಪ್ಪಿದರೆ ಮಗ ಒಂಟಿಯಾಗೇ ಉಳಿದಾನೆಂದು ನೀಲವ್ವ ಅವನನ್ನು ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದಳು.

ಡಾಕ್ಟರು ಕಣ್ಣು ಅಳೆದು ಬೇರೆ ಲೆನ್ಸ್ ಕೊಟ್ಟರು. ಇವು ರಾತ್ರಿ ನಿದ್ದೆಯಲ್ಲಿ ಕಣ್ಣಿನ ಮೇಲ್ಪದರವನ್ನು ಮೆಲ್ಲಗೆ ಒತ್ತಿ ತಿದ್ದುತ್ತವೆ, ಹಗಲು ಬರಿಗಣ್ಣಿಗೇ ಕಾಣುತ್ತದೆ, ಒಣಗುವ ಕಾಟವೂ ಕಡಿಮೆ ಎಂದರು. "ಮಲಗುವಾಗ ಹಾಕು, ಎದ್ದಾಗ ತೆಗೆ."

ಅಂದು ರಾತ್ರಿ ಸೊಳ್ಳೆ ಕಚ್ಚಿತು. ಎದ್ದ, ತೆಗೆದ. ಮಲಗಿದ, ಹಾಕಿದ. ನಾಯಿ ಬೊಗಳಿತು. ಎದ್ದ, ತೆಗೆದ. ಮರುದಿನ ಮಧ್ಯಾಹ್ನ ಕಣ್ಣು ಮಂಜಾಗಿ, ಊಟಕ್ಕೆ ಬಂದವರ ಮಜ್ಜಿಗೆಗೆ ಸಾರು ಸುರಿದ. ನೀಲವ್ವ ಬೈದು, ನಾನು ಹೇಳುವ ತನಕ ತೆಗೆಯಬೇಡವೆಂದಳು.

ಅದರ ಮರುದಿನ ನಸುಕಿಗೇ ಅವಳು ಕಾಯಿಪಲ್ಲೆ ತರಲು ಹೋದಳು. ಬಂದು ನೋಡಿದರೆ ಊಟದವರು ಬಾಗಿಲಲ್ಲಿ, ಮಗ ಹಾಸಿಗೆಯಲ್ಲಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

"ನೀ ಇನ್ನೂ ಹೇಳೇ ಇಲ್ಲಲ್ಲಬೇ ಯವ್ವ," ಎಂದ.

"ನನ್ನ ದಾರಿ ಕಾಯಬ್ಯಾಡೋ ಮಾರಾಯ. ಯಾರನ್ನರೆ ಛಲೋತ್ನಾಗ ನೋಡಬೇಕಂದ್ರ ಲೆನ್ಸ್ ಹಾಕು, ಮಲಗು, ಏಳು, ತೆಗಿ, ಆಮ್ಯಾಲೆ ನೋಡು. ಇಷ್ಟ."

ಅದನ್ನು ಮಗ ಬಾಯಿಪಾಠ ಮಾಡಿದ. ಕೆಲವು ರಾತ್ರಿ ಕಳೆಯುವಷ್ಟರಲ್ಲಿ ಎದುರು ಗೋಡೆಯ ಕ್ಯಾಲೆಂಡರು ಬರಿಗಣ್ಣಿಗೆ ಕಂಡಿತು. ರೆಪ್ಪೆಯೂ ಸುಮ್ಮನಾಯಿತು. ನೀಲವ್ವ ಧೈರ್ಯ ಮಾಡಿ ಅವನನ್ನು ದಾನಮ್ಮನೆಂಬ ಹುಡುಗಿಯ ಮನೆಗೆ ಕರೆದೊಯ್ದಳು.

ದಾನಮ್ಮ ಅವಲಕ್ಕಿಯ ತಟ್ಟೆ ಹಿಡಿದು ಬಂದಳು. ಹುಡುಗಿಯನ್ನು ನೋಡಪ್ಪ ಎಂದ ಅವಳಪ್ಪ. ಚನ್ನಮಲ್ಲ ತಲೆ ಎತ್ತಲಿಲ್ಲ. ತಡೀರಿ ಎಂದು ಎದ್ದು, ಕೈ ತೊಳೆದು ಬಂದು, ಕಿಸೆಯ ಡಬ್ಬಿಯಿಂದ ಲೆನ್ಸ್ ತೆಗೆದು ಹಾಕಿಕೊಂಡು, ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆದ. ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೋಯಿತು ಈ ಸಂಬಂಧವೂ.

ಅವಲಕ್ಕಿ ಆರಿತು, ಚಹಾ ಆರಿತು. ಕಡೆಗೆ ಅವ ಎದ್ದ, ತೆಗೆದ, ನೋಡಿದ. ರೆಪ್ಪೆ ಬಡಿಯದೆ ನೋಡಿದ.

ದಾನಮ್ಮ ನಕ್ಕಳು. "ಇಲ್ಲಿತನಕ ಬಂದವರೆಲ್ಲ ನೋಡಿ ಹೋಗಿ ಮಲಕೊಂಡ್ರು, ಸುದ್ದಿನ ಇಲ್ಲ. ಇವರು ಮಲಕೊಂಡು ಎದ್ದು ನೋಡ್ಯಾರ. ನನಗ ಒಪ್ಪಿಗಿ ಐತಿ ಅಪ್ಪ."

ನೀಲವ್ವನಿಗೆ ಹೋದ ಉಸಿರು ಬಂತು. ಹುಡುಗಿಯ ಅಪ್ಪ ಖುಷಿಯಲ್ಲಿ, ಒಳಗೆ ನಮ್ಮ ತಾಯಿ ಇದ್ದಾಳೆ, ಆಕೆಯನ್ನೂ ನೋಡಿ ಬಾ ಎಂದ.

ಚನ್ನಮಲ್ಲ ಕೈ ತೊಳೆಯಲು ಎದ್ದ.

"ಯವ್ವ, ಈ ಸಲ ಒಂದು ತಲೆದಿಂಬು ಕೊಡಸಬೇ."