ಕಹಿ ಸೋರೆಕಾಯಿ

ವಿರೂಪಣ್ಣ ಹೊಳೆ ದಾಟಿ ಆಶ್ರಮಕ್ಕೆ ಬಂದ ದಿನ, ಅವನ ತಮ್ಮನ ಹೆಂಡತಿ ನೀಲವ್ವ ತೀರಿಕೊಂಡು ಹನ್ನೆರಡು ದಿನವಾಗಿತ್ತು.

ಗುರುಗಳು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಸುತ್ತಲಿನ ಜನ ಅವರನ್ನು ಕರೆಯುವುದು ಅಜ್ಜ ಅಂತಲೇ. ಶಿಷ್ಯನ ಮುಖ ನೋಡಿ “ಕೂಡು” ಅಂದರು. ಅವನು ಕೂಡಲಿಲ್ಲ.

“ಅಜ್ಜಾರ, ನೀವು ಈಗಿಂದೀಗ ನಮ್ಮನಿಗೆ ಬರಬೇಕ್ರಿ. ನನ್ನ ತಮ್ಮ ಗದಿಗೆಪ್ಪ ಕೂಸಿನ್ನ ಕರಕೊಂಡು ಮನಿ ಬಿಟ್ಟು ಹೊಂಟಾನ. ನೀವು ಒಂದು ಮಾತು ಹೇಳಿದ್ರ ನಿಲ್ತಾನ.”

“ಯಾಕ ಹೊಂಟಾನ?”

“ಅದ ತಿಳಿವಲ್ದ್ರಿ.”

ತಿಳಿಯದೆ ಏನು? ಚೆನ್ನಾಗಿಯೇ ತಿಳಿದಿತ್ತು. ಬಾಯಿಬಿಟ್ಟು ಹೇಳಲು ಅವನಿಗೆ ಎದೆ ಸಾಲದು, ಅಷ್ಟೇ.

ಕನಸು ಕಾಣುವುದರಲ್ಲಿ ಮಾತ್ರ ವಿರೂಪಣ್ಣನದು ಎತ್ತಿದ ಕೈ. ಅಣ್ಣತಮ್ಮಂದಿರಿಗೆ ಒಂದೇ ಒಲೆ, ಒಂದೇ ತೋಟ. ಉಪ್ಪು, ಎಣ್ಣೆ ಬಿಟ್ಟರೆ ಸಂತೆಯಿಂದ ಏನೂ ತರುವ ಹಾಗಿಲ್ಲ. ಇವತ್ತು ಎರಡು ಸಂಸಾರ, ನಾಳೆ ಹತ್ತು, ಆಮೇಲೆ ಹೊಳೆದಂಡೆಯ ಉದ್ದಕ್ಕೂ ಹಸಿರು. ಇದನ್ನು ಅವನು ಹೇಳುವಾಗ ಕೇಳಿದವರ ಕಣ್ಣೂ ಅರಳುತ್ತಿದ್ದವು.

ಎಲ್ಲರಿಗಿಂತ ಹೆಚ್ಚು ನಂಬಿದವಳು ನೀಲವ್ವ. ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಅವರೆಬೀಜ ಕಟ್ಟಿಕೊಂಡು ಬಂದಿದ್ದಳು. ಅಂಥ ಹುಡುಗಿ.

ತೋಟಕ್ಕೆ ವಿರೂಪಣ್ಣ ಒಂದು ನೇಮ ಮಾಡಿದ್ದ. ತೋಟ ಕೊಟ್ಟದ್ದಕ್ಕೆ ಯಾರೂ ಹೆಸರಿಟ್ಟು ಕೊಂಕು ತೆಗೆಯಬಾರದು. ಬಡಿಸಿದ್ದನ್ನು ಗಂಗಾಳದಲ್ಲಿ ಉಣ್ಣದೆ ಬಿಡಬಾರದು. ಬಿಸಾಡಬಾರದು.

“ಆ ದಿನ ಏನಾತು? ಮೊದಲಿಂದ ಹೇಳು” ಅಂದರು ಗುರುಗಳು.

“ಸೋರಿಕಾಯಿ ಪಲ್ಯ ಮಾಡಿದ್ವಿ. ಹೊಳಿ ದಂಡಿ ಮ್ಯಾಲೆ ತಾನಾಗಿ ಎದ್ದ ಬಳ್ಳಿ ಇತ್ರಿ. ಅದರ ಬೀಜ ತಂದು ನಾನ ಊರಿದ್ದೆ. ರೊಕ್ಕ ಕೊಡದ ಬೀಜ ಅಂತ ಭಾಳ ಖುಷಿಯಾಗಿತ್ತು.”

“ಅಡಿಗಿ ಯಾರು ಮಾಡಿದ್ರು?”

“ನನ್ನ ಹೇಣ್ತಿ, ಗೌರವ್ವ.”

“ಸೋರಿಕಾಯಿ ಹೆಚ್ಚೂಮುಂದ ಒಂದು ಚೂರು ನಾಲಿಗಿಗೆ ಹಚ್ಚಿ ನೋಡ್ತಾರ. ಕಹಿ ಇದ್ರ ವಿಷ ಅಂತ ತಿಪ್ಪಿಗೆ ಒಗೀತಾರ. ಸಣ್ಣ ಹುಡುಗ್ಯಾರಿಗೂ ಇದು ಗೊತ್ತು. ಗೌರವ್ವ ನೋಡಲಿಲ್ಲೇನು?”

“ನೋಡಿದ್ಲಂತ್ರಿ.”

“ಮತ್ತ?”

“ಖಾರ ಜಾಸ್ತಿ ಹಾಕಿದ್ಲಂತ.”

ಗುರುಗಳ ಕೈ ನಿಂತಿತು.

“ನೀನೂ ಉಂಡಿ?”

“ಉಂಡೆ.”

“ಕಹಿ ಹತ್ತಲಿಲ್ಲೇನು?”

“ಹತ್ತಿತ್ರಿ. ಸಂತಿ ಕಾಯಿ ತಿಂದು ಕೆಟ್ಟ ನಾಲಿಗಿ ನಮ್ಮವು, ರೂಢಿ ಆಗ್ತೈತಿ ಅಂತ ಎಲ್ಲಾರಿಗೂ ಹೇಳಿದೆ.”

“ನೀಲವ್ವ ಏನಂದ್ಲು?”

ಇದೊಂದನ್ನು ಕೇಳದಿದ್ದರೆ ಸಾಕು ಅಂತ ವಿರೂಪಣ್ಣ ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದ.

“ಹೆಂಗಾಗೇತವ್ವಾ ಅಂತ ಕೇಳಿದೆ. ಚಲೋ ಆಗೇತ್ರಿ ಬಾವಾರ ಅಂದ್ಲು. ಕೂಸಿಗೆ ಹಾಲು ಕುಡಿಸಾಕಿ, ಹಸ್ತಿರತಾಳ ಅಂತ ಇನ್ನೊಂದು ಸೌಟು ನಾನ ಬಡಿಸಿದೆ. ಅದನ್ನೂ ಉಂಡ್ಲು.”

ಮುಂದಿನದನ್ನು ಹೇಳಲಾಗದೆ ಅವನು ಅಲ್ಲೇ ಕುಸಿದು ಕೂತ. ಮನೆಮಂದಿಯೆಲ್ಲ ಅವತ್ತು ವಾಂತಿ ಮಾಡಿಕೊಂಡಿದ್ದರು. ನೀಲವ್ವನ ವಾಂತಿಯಲ್ಲಿ ಮಾತ್ರ ರಕ್ತ ಬಂದಿತ್ತು. ಗಾಡಿ ಪಟ್ಟಣ ಮುಟ್ಟುವುದರೊಳಗೆ ಎಲ್ಲ ಮುಗಿದುಹೋಗಿತ್ತು.

“ಒಬ್ಬರರ ಒಂದು ಮಾತು ಹೇಳಬಾರದಾಗಿತ್ತೇನ್ರಿ ಅಜ್ಜಾರ? ನಾನೇನು ಹುಲಿಯೇನು? ಯಾವತ್ತೂ ಯಾರ ಮ್ಯಾಲೂ ಕೈ ಎತ್ತಿದಂವ ಅಲ್ಲ.”

ಗುರುಗಳು ಹುಣಸೆಹಣ್ಣು ಪಕ್ಕಕ್ಕೆ ಸರಿಸಿದರು.

“ಹ್ವಾದ ವರ್ಷ ನಾ ನಿಮ್ಮನಿಗೆ ಬಂದಾಗ ಮೂಲಂಗಿ ಬಡಿಸಿದ್ದಿ.”

“ಹೌದ್ರಿ. ನೀವು ಅಮೃತ ಅಂದಿದ್ರಿ.”

“ಬೆಂಡಾಗಿತ್ತು. ಅಗದಷ್ಟೂ ನಾರು. ನಿನ್ನ ಮಾರಿ ನೋಡಿ ಅಮೃತ ಅಂದೆ.”

ಗುರುಗಳು ಮೊಳಕಾಲು ಹಿಡಿದುಕೊಂಡು ಎದ್ದರು.

“ನಡಿ. ಈ ಸಾವಿನಾಗ ನನ್ನ ಪಾಲೂ ಐತಿ.”

ಇಬ್ಬರೂ ಹೊಳೆ ದಾಟಿದರು. ತೋಟದ ಬಾಗಿಲಿನಲ್ಲೇ ಚಪ್ಪರವಿತ್ತು. ಚಪ್ಪರದ ತುಂಬ ಸೋರೆಬಳ್ಳಿ. ಮೂರು ಕಾಯಿ ಇನ್ನೂ ಜೋತಾಡುತ್ತಿದ್ದವು. ನೋಡಲು ನುಣುಪಾಗಿ, ಎಷ್ಟು ಚೆಂದ!

ಗೌರವ್ವ ನೀರಿನ ಕೊಡ ಹೊತ್ತು ಅದರ ಕೆಳಗೇ ತಲೆ ತಗ್ಗಿಸಿ ಬಂದಳು. ಗುರುಗಳನ್ನು ಕಂಡು ಕೊಡ ಇಳಿಸಿ ನಮಸ್ಕಾರ ಮಾಡಿದಳು.

“ಈ ಬಳ್ಳಿ ಯಾಕ ಇನ್ನೂ ಐತೆವ್ವಾ?”

ಗೌರವ್ವ ಗಂಡನ ಮುಖ ನೋಡಿದಳು. “ಇವರು ಕೀಳು ಅಂದಿಲ್ರಿ.”

ಹನ್ನೆರಡು ದಿನ ಆ ಮನೆಯವರೆಲ್ಲ, ಹೆಂಡತಿಯನ್ನು ಕಳೆದುಕೊಂಡ ಗದಿಗೆಪ್ಪ ಕೂಡ, ಆ ಕಾಯಿಗಳ ಕೆಳಗೇ ಓಡಾಡಿದ್ದರು.

ಗುರುಗಳು ಬಗ್ಗಿ ಬಳ್ಳಿಯ ಬುಡಕ್ಕೆ ಕೈ ಹಾಕಿದರು. ಮುದುಕರ ಕೈ, ಒಂದೇ ಎಳೆತಕ್ಕೆ ಬರಲಿಲ್ಲ. ವಿರೂಪಣ್ಣ ಸಹಾಯಕ್ಕೆ ಬಂದರೆ “ಆ ಕಡೆ ಸರಿ” ಅಂದರು. ಕೊನೆಗೆ ಬೇರುಸಮೇತ ಕಿತ್ತು ತಿಪ್ಪೆಗೆ ಒಗೆದರು.

ಗದಿಗೆಪ್ಪ ಅಂಗಳದಲ್ಲಿ ಗಂಟು ಕಟ್ಟುತ್ತಿದ್ದ. ಹತ್ತು ತಿಂಗಳ ಮಗಳು ಗಂಟಿನ ಪಕ್ಕದಲ್ಲಿ ಕೂತು ಹಗ್ಗದ ತುದಿ ಚೀಪುತ್ತಿತ್ತು.

“ಎಲ್ಲಿಗೆ ಹೊಂಟೀಪಾ?” ಅಂತ ಗುರುಗಳು ಕೇಳಿದರು.

“ನೀಲವ್ವನ ತವರಿಗೆ ಹೋಗಿ ಇರಬೇಕಂತ ಮಾಡೇನ್ರಿ ಅಜ್ಜಾರ. ಕೂಸಿಗೆ ಅಲ್ಲಿ ಆಕಳ ಹಾಲು ಸಿಗ್ತೈತಿ.”

“ಅದಕ್ಕಷ್ಟ ಹೊಂಟಿ?”

ಗದಿಗೆಪ್ಪನ ಕೈ ಗಂಟಿನ ಮೇಲೆ ಬಿಗಿಯಾಯಿತು. ಅವನು ಅಣ್ಣನ ಕಡೆ ಒಮ್ಮೆ ನೋಡಿ, ಕಣ್ಣು ಕೆಳಗೆ ಮಾಡಿದ.

“ಅಷ್ಟರೀ. ಅಣ್ಣ ನಮ್ಮನ್ನ ಚಲೋ ನೋಡಿಕೊಂಡಾನ. ಅವನ ಮ್ಯಾಲೆ ನಂದೇನೂ ಇಲ್ಲ.”

ಕೂಸನ್ನು ಎತ್ತಿಕೊಂಡ. ಗಂಟು ಹೆಗಲಿಗೇರಿಸಿದ. ಅಣ್ಣನ ಕಾಲು ಮುಟ್ಟಿ, ಗುರುಗಳ ಕಾಲು ಮುಟ್ಟಿ ಹೊರಟ.

ಹನ್ನೆರಡು ದಿನ ತಡೆದಿದ್ದ ಅಳು ವಿರೂಪಣ್ಣನಿಗೆ ಈಗ ಒತ್ತರಿಸಿ ಬಂತು. ಎದೆಯ ಮೇಲಿನ ಭಾರ ಇಳಿದಂತಾಯಿತು ಅವನಿಗೆ.

“ಕೇಳಿದ್ರ್ಯಾ ಅಜ್ಜಾರ? ನನ್ನ ಮ್ಯಾಲೆ ಅವಗ ಸಿಟ್ಟಿಲ್ಲ. ಈಗರ ಅವನನ್ನ ನಿಲ್ಲಸ್ರಿ. ಒಂದು ಮಾತು ಹೇಳ್ರಿ, ಇನ್ನೂ ಬಾಗಲಾ ದಾಟಿಲ್ಲ.”

ಗುರುಗಳು ಗದಿಗೆಪ್ಪನ ಬೆನ್ನನ್ನೇ ನೋಡುತ್ತಿದ್ದರು.

“ಹೋಗಲಿ ಬಿಡಪಾ. ನಿನ್ನ ಮ್ಯಾಲೆ ಸಿಟ್ಟು ಮಾಡಾಕ ಧೈರ್ಯ ಬರೂವಷ್ಟು ದೂರರ ಹೋಗಲಿ.”