ನಕ್ಷೆಯಿಲ್ಲದ ಮಳೆ

ಜಪಾನಿನ ಒಂದು ನದೀತೀರದಲ್ಲಿ ತೊಕುಬೇ ಎಂಬ ಗುರುವಿದ್ದ. ಮರದ ಹಲಗೆಯಲ್ಲಿ ಬೆಟ್ಟ, ಸೇತುವೆ, ಮಳೆಗಳನ್ನು ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಅಚ್ಚೊತ್ತುವುದು ಅವನ ಕಸುಬು.

ಶಿಷ್ಯ ಸೈಕಿಚಿ ಏಳು ವರ್ಷದಿಂದ ಅವನ ಬಳಿಯಿದ್ದ. ಗುರು ತೆಳು ಕಾಗದದಲ್ಲಿ ನಕ್ಷೆ ಬರೆದು ಹಲಗೆಗೆ ಮಗುಚಿ ಅಂಟಿಸುತ್ತಿದ್ದ. ಸೈಕಿಚಿ ಗೆರೆ ನೋಡಿಕೊಂಡು ಕೆತ್ತುತ್ತಿದ್ದ. ಎಡ ಯಾವುದು, ಬಲ ಯಾವುದು ಎಂದು ಯೋಚಿಸುವ ಕಷ್ಟ ಅವನಿಗೆ ಬಂದೇ ಇರಲಿಲ್ಲ.

ಒಂದು ದಿನ ಗುರು ಬರಿಯ ಹಲಗೆ ಕೊಟ್ಟ. ಜೊತೆಗೆ ತಾನೇ ಕೆತ್ತಿ ಅಚ್ಚೊತ್ತಿದ ಚಿತ್ರ. ಸೇತುವೆಯ ಮೇಲೆ ಮೂವರು ದಾರಿಹೋಕರು ಬಲಕ್ಕೆ ಕೊಡೆ ಓರೆ ಮಾಡಿಕೊಂಡು ನಡೆದಿದ್ದರು.

“ಇದರ ಮೇಲೆ ಮಳೆ ಬರಬೇಕು. ಕೆತ್ತು.”

“ನಕ್ಷೆ, ಗುರುಗಳೇ?”

“ಮಳೆಗೆಂಥ ನಕ್ಷೆ? ಚೆನ್ನಾಗಿ ಬಂದರೆ ಇಲ್ಲಿರು. ಇಲ್ಲದಿದ್ದರೆ ಊರಿಗೆ ಹೋಗಿ ನಿಮ್ಮಣ್ಣನ ಜೊತೆ ದೋಣಿ ನಡೆಸು.”

ಸೈಕಿಚಿ ತಕ್ಷಣ ಉಳಿ ಕೈಗೆತ್ತಿಕೊಂಡ. ದೋಣಿಯೆಂದರೆ ಅವನಿಗಾಗದು. ಹದಿನೆಂಟು ದಿನ ತಲೆಯೆತ್ತದೆ ಕೆತ್ತಿದ. ಬಲದಿಂದ ಎಡಕ್ಕೆ, ಕೂದಲೆಳೆಯಂಥ ಗೆರೆಗಳು. ಒಂದೂ ಮುರಿಯಲಿಲ್ಲ.

ಚಿತ್ರದ ಮೇಲೆ ಮಳೆಯನ್ನು ಅಚ್ಚೊತ್ತಿ ಕಾಗದ ಎತ್ತಿದ.

ಮಳೆ ಎಡದಿಂದ ಬಂದಿತ್ತು!

ಹಲಗೆಯಲ್ಲಿದ್ದದ್ದು ಕಾಗದದಲ್ಲಿ ತಿರುವುಮುರುವಾಗುತ್ತದೆ ಎಂಬುದು, ಏಳು ವರ್ಷ ಅದನ್ನೇ ಮಾಡಿದ ಮಹಾಶಯನಿಗೆ ಮರೆತೇಹೋಗಿತ್ತು. ಬಲಕ್ಕೆ ಕೊಡೆ ಹಿಡಿದ ಮೂವರೂ ಎಡದ ಮಳೆಗೆ ತೊಪ್ಪೆಯಾಗಿದ್ದರು.

ಅವನು ಬಟ್ಟೆಯ ಗಂಟು ಕಟ್ಟಿಕೊಂಡೇ ಗುರುವಿನ ಮುಂದೆ ನಿಂತ.

“ತಪ್ಪಾಯಿತು ಗುರುಗಳೇ. ಮಳೆ ಉಲ್ಟಾ ಬಂದುಬಿಟ್ಟಿತು.”

ಗುರು ಚಿತ್ರವನ್ನು ಬೆಳಕಿಗೆ ಹಿಡಿದ. ಆಮೇಲೆ, ಹನಿ ಬಿದ್ದವನ ಹಾಗೆ, ತನ್ನ ಎಡತೋಳು ಒರೆಸಿಕೊಂಡ.

“ಬೇಡದ ಕಡೆಯಿಂದ ಬಂತು ಅಂತ ಮಳೆಯನ್ನು ಯಾರಾದರೂ ವಾಪಸ್ ಕಳಿಸಿದ್ದುಂಟಾ?”

ಇದು ಬೈಗುಳವೋ ಹೊಗಳಿಕೆಯೋ ಸೈಕಿಚಿಗೆ ಗೊತ್ತಾಗಲಿಲ್ಲ. ತಲೆ ಕೆಟ್ಟುಹೋಯಿತು.

“ಹಾಗಾದರೆ ನಾನು ಹೋಗಲೋ, ಇರಲೋ? ಅದೊಂದು ಹೇಳಿಬಿಡಿ.”

ಗುರು ಒಳಗೆ ಹೋಗಿ ಸೇತುವೆ, ದಾರಿಹೋಕರನ್ನು ಕೆತ್ತಿದ್ದ ತನ್ನ ಹಲಗೆಯನ್ನು ಹೊತ್ತು ತಂದ. ನಾಲ್ಕು ತಿಂಗಳ ಕೆಲಸ ಅದು. ನೆಲದ ಮೇಲಿಟ್ಟು ಉಜ್ಜುಗೊರಡು ಎಳೆದ. ಒಂದೇ ಎಳೆತಕ್ಕೆ ಒಬ್ಬ ದಾರಿಹೋಕನ ಕೊಡೆ ಸುರುಳಿಯಾಗಿ ಎದ್ದು ಬಂತು.

“ಅಯ್ಯೋ, ಗುರುಗಳೇ! ಅದು ನಿಮ್ಮ ಹಲಗೆ!”

“ಮಳೆ ಬಂದಾಯ್ತು. ಇನ್ನು ಕೊಡೆ ತಿರುಗಿಸಬೇಕಾದವನು ನಾನು. ಆ ಗಂಟು ಕೆಳಗಿಟ್ಟು, ಹಲಗೆಯ ಆ ತುದಿ ಹಿಡಿ.”